ಮುಂದಿನ ಚಕ್ರದ ಬ್ರೇಕ್ ಪ್ಯಾಡ್: ಮನೆಯಂಗಳದಲ್ಲೇ ಬದಲಿಸುವ ಕ್ರಮ

ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆಗೆ ಬರುವಾಗಲಾಗಲಿ, ಯಲ್ಲಾಪುರದಿಂದ ಅರಬೈಲ್ ಘಟ್ಟದ ಮೂಲಕ ಅಂಕೋಲೆಗೆ ಇಳಿಯುವಾಗಲಾಗಲಿ, ಕಾರನ್ನು ತಡೆದು ನಿಲ್ಲಿಸುವ ಹೊರೆಯ ಬಹುಪಾಲು ಬೀಳುವುದು ಮುಂದಿನ ಎರಡು ಚಕ್ರಗಳ ಮೇಲೆ. ಬ್ರೇಕ್ ಒತ್ತಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಚಕ್ರದೊಡನೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಮುಂದಿನ ಪ್ಯಾಡುಗಳೇ ಬೇಗ ಸವೆಯುತ್ತವೆ. ಅವನ್ನು ಬದಲಿಸುವುದು ಸಾಮಾನ್ಯ ಸಲಕರಣೆಗಳಿದ್ದರೆ ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ಉಪ್ಪುಗಾಳಿಯೂ ಜಡಿಮಳೆಯೂ ಇರುವ ನಮ್ಮ ಕರಾವಳಿಯಲ್ಲಿ ಹೊಸ ಪ್ಯಾಡ್ ಕೂರಿಸುವುದು ಸುಲಭದ ಭಾಗ. ಅದರ ಸುತ್ತಲಿನ ತುಕ್ಕು ತೆಗೆಯುವುದೇ ನಿಜವಾದ ಕೆಲಸ.

ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ಇರುತ್ತದೆ. ಅದು 3 ಮಿಲಿಮೀಟರಿಗೆ ಇಳಿದರೆ ಬದಲಿಸುವುದು ಒಳ್ಳೆಯದು. ಬ್ರೇಕ್ ಒತ್ತಿದಾಗಲೆಲ್ಲ ಕೀರಲು ಸದ್ದು ಕೇಳಿಸುತ್ತಿದ್ದರೆ ಪ್ಯಾಡಿಗೆ ಅಂಟಿಸಿರುವ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿರಬಹುದು. ಮಳೆಗಾಲದಲ್ಲಿ ಕಾರನ್ನು ಎರಡು ದಿನ ನಿಲ್ಲಿಸಿ ಹೊರಟಾಗ ಕೇಳಿಸುವ ಕರಕರ ಸದ್ದು ಮಾತ್ರ ಬೇರೆ: ಅದು ಡಿಸ್ಕಿನ ಮೇಲೆ ಕೂತ ತೆಳು ತುಕ್ಕಿನದು, ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಹೋಗುತ್ತದೆ.

ಕಾರಿನ ಮಾದರಿ ಮತ್ತು ತಯಾರಾದ ವರ್ಷ ಹೇಳಿ ಎಡ-ಬಲ ಎರಡೂ ಚಕ್ರಗಳಿಗೆ ಬೇಕಾದ ಪೂರ್ತಿ ಸೆಟ್ ಕೊಳ್ಳಬೇಕು. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಜಾಕ್, ಜಾಕ್ ಸ್ಟ್ಯಾಂಡ್, ಸ್ಪ್ಯಾನರುಗಳು, ಸಿ-ಕ್ಲ್ಯಾಂಪ್, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಮತ್ತು ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹತ್ತಿರವಿರಲಿ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಇಡಬೇಕು. ಅಂಗಳದಲ್ಲಿ ಬಿದ್ದಿರುವ ಚಿರೇಕಲ್ಲನ್ನು ಸ್ಟ್ಯಾಂಡಿನ ಬದಲಿಗೆ ಗಾಡಿಯಡಿಗೆ ಇಡುವ ಅಭ್ಯಾಸ ಹಲವರಲ್ಲಿದೆ; ನೀರು ಕುಡಿದ ಚಿರೇಕಲ್ಲು ಭಾರ ಬಿದ್ದರೆ ಸುಳಿವು ಕೊಡದೆ ಒಡೆಯುತ್ತದೆ, ಆದ್ದರಿಂದ ಅದನ್ನು ಎಂದಿಗೂ ನಂಬಬಾರದು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕುವುದೂ ಅಷ್ಟೇ ಅಪಾಯ.

ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಬಳಿಕ ಗಾಡಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಬಿಚ್ಚಬೇಕು. ಸ್ಟಿಯರಿಂಗನ್ನು ಅನುಕೂಲವಾದ ಬದಿಗೆ ತಿರುಗಿಸಿದರೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಹಿಂಬದಿ ಕೈಗೆ ಸಿಗುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿದರೆ ಸಾಕು, ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಬೇಕಾದರೆ ಅದನ್ನು ರಬ್ಬರ್ ಹೋಸಿನಿಂದ ಜೋತುಬಿಡದೆ ಚಕ್ರದ ಮೇಲಿನ ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಬೇಕು. ಒಂದು ಬದಿಯನ್ನು ಪೂರ್ತಿ ಮುಗಿಸಿಯೇ ಇನ್ನೊಂದನ್ನು ಬಿಚ್ಚುವುದು ಜಾಣತನ, ಏಕೆಂದರೆ ಯಾವ ಕ್ಲಿಪ್ ಎಲ್ಲಿತ್ತೆಂಬುದು ಮರೆತರೆ ನೋಡಲು ಮತ್ತೊಂದು ಬದಿ ಹಾಗೇ ಇರುತ್ತದೆ.

ಹೊರತೆಗೆದ ಹಳೆಯ ಪ್ಯಾಡುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಎರಡೂ ಸಮನಾಗಿ ಸವೆದಿದ್ದರೆ ಚಿಂತೆಯಿಲ್ಲ. ಒಳಗಿನದು ಹಿಂಬದಿಯ ಕಬ್ಬಿಣದ ತಗಡಿನವರೆಗೆ ಸವೆದು ಹೊರಗಿನದು ಹೊಸದರಂತಿದ್ದರೆ, ಕ್ಯಾಲಿಪರ್ ಅತ್ತಿತ್ತ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ ಎಂದರ್ಥ. ಕಡಲತೀರದ ಕಾರುಗಳಲ್ಲಿ ಇದು ಅಪರೂಪವಲ್ಲ. ಪಿನ್ನುಗಳನ್ನು ರಬ್ಬರ್ ಮುಚ್ಚಳದಿಂದ ಎಳೆದು, ಗಟ್ಟಿಯಾದ ಹಳೆ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಕ್ಲೀನರಿನಲ್ಲಿ ತೊಳೆದು, ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಹಾಕಬೇಕು. ಬೆರಳಿನಿಂದ ತಳ್ಳಿದರೆ ಸಲೀಸಾಗಿ ಜಾರಬೇಕು. ಸಾಮಾನ್ಯ ಗ್ರೀಸ್ ಅಥವಾ ಎಂಜಿನ್ ಆಯಿಲ್ ಬಳಸಿದರೆ ರಬ್ಬರ್ ಉಬ್ಬಿ ಪಿನ್ ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಪಿನ್ನಿನ ಮೈ ತುಕ್ಕು ತಿಂದು ಗುಳಿಬಿದ್ದಿದ್ದರೆ ಉಜ್ಜುತ್ತಾ ಕೂರದೆ ಹೊಸದನ್ನೇ ತರಬೇಕು. ಪ್ಯಾಡ್ ಕೂರುವ ಕಬ್ಬಿಣದ ಚೌಕಟ್ಟಿನ ಕ್ಲಿಪ್ಪುಗಳ ಅಡಿಯಲ್ಲೂ ತುಕ್ಕಿನ ಪದರ ಬೆಳೆದಿರುತ್ತದೆ. ಕ್ಲಿಪ್ ಕಳಚಿ, ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ತಿಕ್ಕದಿದ್ದರೆ ಹೊಸ ಪ್ಯಾಡ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಧೂಳನ್ನು ಬಾಯಿಂದ ಊದಬಾರದು, ಕ್ಲೀನರ್ ಸಿಂಪಡಿಸಿ ಒದ್ದೆಯಾಗಿಸಿ ಒರೆಸಬೇಕು.

ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂಬುದನ್ನು ಅದರ ಮೇಲೆಯೇ ಅಚ್ಚೊತ್ತಿರುವುದುಂಟು. ಅದಕ್ಕಿಂತ ತೆಳುವಾಗಿದ್ದರೆ, ಕ್ಯಾಲಿಪರಿನೊಳಗಿಂದ ಪ್ಯಾಡನ್ನು ತಳ್ಳುವ ಪಿಸ್ಟನ್ನಿನ ರಬ್ಬರ್ ಹರಿದಿದ್ದರೆ, ಎಲ್ಲಾದರೂ ಬ್ರೇಕ್ ಆಯಿಲ್ ಒಸರುತ್ತಿದ್ದರೆ ಮುಂದುವರಿಯದೆ ಮೆಕ್ಯಾನಿಕ್‌ನನ್ನು ಕರೆಯುವುದೇ ಸರಿ.

ಹೊಸ ಪ್ಯಾಡ್ ದಪ್ಪವಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹಳೆಯ ಪ್ಯಾಡನ್ನು ಅದಕ್ಕೆ ಆನಿಸಿ ಸಿ-ಕ್ಲ್ಯಾಂಪನ್ನು ನಿಧಾನವಾಗಿ ಬಿಗಿಯುತ್ತಾ ಹೋಗುವಾಗ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕಣ್ಣಿಡಬೇಕು. ಮಟ್ಟ ಏರಿ ಉಕ್ಕುವಂತಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಬೇಕು, ಏಕೆಂದರೆ ಚೆಲ್ಲಿದ ಆಯಿಲ್ ಕಾರಿನ ಬಣ್ಣವನ್ನು ಕಿತ್ತುಬಿಡುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುವಂಥದ್ದು. ಡಾಟ್ 4 ದರ್ಜೆಯದಕ್ಕೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು, ನೀರು ಸೇರಿದ ಮೇಲೆ 155 ಡಿಗ್ರಿಯವರೆಗೂ ಇಳಿಯಬಹುದು. ಘಟ್ಟದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಿಸಲು ಗ್ಯಾರೇಜಿಗೆ ಹೇಳಬೇಕು.

ಹೊಸ ಪ್ಯಾಡುಗಳ ಕಿವಿಗಳಿಗೆ, ಅಂದರೆ ಚೌಕಟ್ಟಿನ ಕ್ಲಿಪ್ಪಿನಲ್ಲಿ ಕೂರುವ ಎರಡು ತುದಿಗಳಿಗೆ ಮಾತ್ರ, ತುಸು ಗ್ರೀಸ್ ಸವರಿ ಕೂರಿಸಬೇಕು. ಉಜ್ಜುವ ಮುಖಕ್ಕೆ ಜಿಡ್ಡು ತಾಗಲೇಬಾರದು. ಕ್ಯಾಲಿಪರ್ ಇಳಿಸಿ, ಬೋಲ್ಟ್ ಬಿಗಿದು, ಚಕ್ರ ಹಾಕಿ, ಗಾಡಿ ನೆಲಕ್ಕಿಳಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಎರಡೂ ಬದಿ ಮುಗಿದ ಬಳಿಕ, ಕಾರು ಒಂದಿಂಚು ಕದಲುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು. ಇದನ್ನು ಮರೆತರೆ ಮೊದಲ ಬ್ರೇಕಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆಮೇಲೆ ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಬೇಕು.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ವಾಹನ ವಿರಳವಾಗಿರುವ ನೇರ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 10ರವರೆಗೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಬಾರಿ ಹದವಾಗಿ ವೇಗ ಇಳಿಸಬೇಕು. ನಡುನಡುವೆ ಆರಲು ಬಿಡಬೇಕು. ಇಷ್ಟಾಗುವವರೆಗೆ ದೇವಿಮನೆಯ ಕಡೆ ಹೋಗದಿರುವುದು ಲೇಸು. ಮನೆಗೆ ಬಂದು ಎರಡೂ ಮುಂಚಕ್ರಗಳ ಹತ್ತಿರ ಅಂಗೈಯನ್ನು ತಾಗಿಸದೆ ಹಿಡಿದು ನೋಡಬೇಕು: ಒಂದು ಬದಿ ಮತ್ತೊಂದಕ್ಕಿಂತ ಎದ್ದುಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲಿ ಪಿನ್ ಅಥವಾ ಪಿಸ್ಟನ್ ಇನ್ನೂ ಹಿಡಿದಿದೆ, ಆ ಚಕ್ರವನ್ನು ಮತ್ತೆ ಬಿಚ್ಚಬೇಕಾಗುತ್ತದೆ.