ಜಿನಿಯಾ ಹಚ್ಚೂದು ಹಿಂಗಲ್ಲರಿ

ಅಂಗಡಿಯಿಂದ ‘ಮಿಕ್ಸ್’ ಅಂತ ಬರದ ಜಿನಿಯಾ ಹೂವಿನ ಬೀಜದ ಪಾಕೀಟು ತರತಾರ, ಮಡಿ ತುಂಬ ಕೈ ಬಂದಂಗ ಚೆಲ್ಲತಾರ, ಮ್ಯಾಲಿಂದ ಪೈಪ್ ಹಿಡದು ನೀರು ಬಿಡತಾರ. ಎರಡು ತಿಂಗಳಿಗೆ ಎಲಿಗೆ ಬೂದಿ ಬಡದು, ಗಿಡ ಒಂದ ಕಡ್ಡಿ ಮ್ಯಾಲ ಉದ್ದಕ ಬೆಳದು, ತುದಿಗೆ ಒಂದ ಹೂ ಹೊತ್ತು ವಾಲಿದಾಗ “ನಮ್ಮ ಮಣ್ಣಿಗೆ ಜಿನಿಯಾ ಬರಂಗಿಲ್ಲ ಬಿಡ್ರಿ” ಅಂತಾರ. ಬಾಗಲಕೋಟಿ, ವಿಜಯಪುರದ ಬಿಸಲಿಗೆ ಇದರಷ್ಟು ಹೊಂದೋ ಹೂ ಇನ್ನೊಂದು ತೋರಸ್ರಿ ನೋಡೋಣು. ಮೆಕ್ಸಿಕೊ ದೇಶದ ಗಿಡ ಇದು. ಇದಕ್ಕ ದಿನಪೂರ್ತಿ ಬಿಸಲು ಬೇಕು, ಬುಡದಾಗ ನೀರು ನಿಂದರಬಾರದು, ಎಲಿ ತೊಯ್ಯಬಾರದು. ಇಷ್ಟು ನೆಪ್ಪಿಟ್ಟರ ಅರ್ಧ ಕೆಲಸ ಆತು.

ಬೀಜ ಹಾಕಿದ 60ರಿಂದ 70 ದಿನಕ್ಕ ಹೂ ಬರತೈತಿ. ನಾಗರ ಪಂಚಮಿಯಿಂದ ವಿಜಯದಶಮಿಗೆ ಎರಡು ತಿಂಗಳು ಐದು ದಿನ. ಅದಕ್ಕ ಪಂಚಮಿ ಉಂಡಿ ಕಟ್ಟೂ ವಾರದಾಗ ಬೀಜ ಮಣ್ಣಾಗ ಬಿದ್ದಿರಬೇಕು. ಬನ್ನಿ ಕೊಡೂ ಹೊತ್ತಿಗೆ ಹೂ ಶುರು ಆಗಿ, ದೀಪಾವಳಿಗೆ ಮಡಿ ತುಂಬಿ ನಿಂದರತೈತಿ. ಬೆಳಗಾವಿ ಕಡೆ, ಅದರಾಗೂ ಖಾನಾಪುರದ ಮಗ್ಗಲು, ಶ್ರಾವಣದಾಗ ಮಳಿ ಬಿಡೂದಿಲ್ಲ. ಅಲ್ಲಿಯವರು ಗಣಪತಿ ಕಳಿಸಿದ ಮ್ಯಾಲೆ ಹಾಕ್ರಿ, ಇಲ್ಲಾಂದ್ರ ಸಸಿ ಬುಡ ಕೊಳತು ಮಲಗತಾವು.

ಎರಿ ಮಣ್ಣಿನವರು ಮಡಿ ಒಂದ ಗೇಣು ಎತ್ತರ ಮಾಡ್ರಿ. ಎರಡು ಬುಟ್ಟಿ ಎರಿಗೆ ಒಂದು ಬುಟ್ಟಿ ಮಸಾರಿ (ಕೆಂಪು ಮಣ್ಣು), ಒಂದು ಬುಟ್ಟಿ ಹಳೆ ತಿಪ್ಪಿ ಗೊಬ್ಬರ ಕೂಡಸ್ರಿ. ಗೊಬ್ಬರ ಕೈಯಾಗ ಹಿಡದ್ರ ಪುಡಿ ಆಗಬೇಕು, ಸಗಣಿ ವಾಸನಿ ಬರಬಾರದು. ಹಸಿ ಸಗಣಿ ಹಾಕಿದ್ರ ಬೇರು ಸುಡತೈತಿ, ಗೊಣ್ಣಿ ಹುಳ ಬರತಾವು. ಯೂರಿಯಾ ಅಂತೂ ಮುಟ್ಟಬ್ಯಾಡ್ರಿ. ಎಲಿ ಹಸರಗ ಸೊಕ್ಕತಾವು, ಹೂ ಬರೂದಿಲ್ಲ.

ಬೀಜ ನೆನಿ ಹಾಕೂದು ಬ್ಯಾಡ. ಕಿರುಬೆರಳಿನ ಉಗುರು ಮುಳುಗೂವಷ್ಟು ಕುಣಿ, ಒಂದೊಂದಕ್ಕ ಎರಡೋ ಮೂರೋ ಬೀಜ, ಮ್ಯಾಲೆ ತೆಳ್ಳಗ ಮಣ್ಣು. ಸುತ್ತ ಒಲಿ ಬೂದಿ ಉದರಸ್ರಿ, ಇಲ್ಲಾಂದ್ರ ಇರವಿ ಹೊತ್ತುಕೊಂಡು ಹೋಗತಾವು. ನಮ್ಮ ಹವಾಕ್ಕ ನಾಕೈದು ದಿನಕ್ಕ ಮೊಳಕಿ ಏಳತೈತಿ. ಹತ್ತು ದಿನ ಆದರೂ ಏಳದಿದ್ರ ಬೀಜ ಸತ್ತಾವು, ಕಾಯಬ್ಯಾಡ್ರಿ. ನಾಕು ಎಲಿ ಬಂದ ಮ್ಯಾಲೆ ಛಲೋದೊಂದು ಬಿಟ್ಟು ಉಳದದ್ದು ಕತ್ತರಿಯಿಂದ ಕತ್ತರಸ್ರಿ. ಕಿತ್ತರ ಮಗ್ಗಲದ ಗಿಡದ ಬೇರು ಅಳ್ಳಾಡತೈತಿ. “ಪಾಪ, ಜೀವ ಇದ್ದದ್ದು” ಅಂತ ಮೂರೂ ಉಳಿಸಿಕೊಂಡ್ರ ಮೂರೂ ಹಾಳು. ದೊಡ್ಡ ಜಾತಿಗೆ ಗಿಡದಿಂದ ಗಿಡಕ್ಕ ಒಂದ ಫೂಟು ಬೇಕು, ಗಾಳಿ ಆಡಬೇಕು.

ಇನ್ನ ಬಣ್ಣ. ಇಲ್ಲೇ ಎಲ್ಲಾರೂ ಎಡವೂದು. ಎಂಟು ಬಣ್ಣ ಒಂದೊಂದ ಗಿಡ ಹಚ್ಚಿದ್ರ ದೂರಿಂದ ಯಾವುದೂ ಕಾಣಂಗಿಲ್ಲ. ಇಳಕಲ್ಲ ಸೀರಿ ನೋಡ್ರಿ: ಮೈಗೆ ಒಂದು ಬಣ್ಣ, ದಡಿಗೆ ಒಂದು, ಸೆರಗಿಗೆ ಕೆಂಪು-ಬಿಳಿ. ಮಡಿಗೂ ಮೂರು ಬಣ್ಣ ಸಾಕು. ಹತ್ತು ಫೂಟು ಉದ್ದ, ಮೂರು ಫೂಟು ಅಗಲದ ಜಾಗಕ್ಕ 30 ಗಿಡ ಹಿಡಿತಾವು. ಒಂದ ಬಣ್ಣದ್ದು ಐದಾರು ಗಿಡ ಗುಂಪಾಗಿ ನಿಂದರಬೇಕು. ಹಿಂದ ಸೊಂಟದೆತ್ತರ ಬೆಳೆಯೂ ಜಾತಿ, ದಾರಿ ಮಗ್ಗಲು ಗೇಣುದ್ದದ ಗಿಡ್ಡ ಜಾತಿ.

ಮೊದಲ ಹಿಂದಿನ ಗೋಡಿ ನೋಡ್ರಿ. ಬಾದಾಮಿ ಕೆಂಪು ಕಲ್ಲಿನ ಕಂಪೌಂಡಿದ್ರ ಅದರ ಮುಂದ ಕೆಂಪು, ಕೇಸರಿ ಹಚ್ಚಿದ್ರ ಕಲ್ಲಾಗ ಕಲತು ಹೋಗತಾವು. ಅಲ್ಲಿ ಬಿಳಿ, ಹಳದಿ, ಎಳೆ ನಿಂಬಿಕಾಯಿ ಹಸರು ಎದ್ದು ಕಾಣತಾವು. ಸುಣ್ಣದ ಬಿಳಿ ಗೋಡಿಗೆ ಅಚ್ಚ ಕೆಂಪು, ನೇರಳಿ. ತಿಳಿ ಗುಲಾಬಿ ಮಧ್ಯಾಹ್ನದ ಬಿಸಲಿನ್ಯಾಗ ಸಪ್ಪಗ ಕಾಣತೈತಿ, ಅದನ್ನ ಮೂಡಣ ಮಗ್ಗಲು ಹಚ್ಚಿ ಮುಂಜಾನೆ ನೋಡ್ರಿ. ಸಂಜಿಮುಂದ ಕಟ್ಟಿ ಮ್ಯಾಲ ಕೂಡೂ ಮನಿಯಾಗ ಬಿಳಿ, ಹಳದಿ ಇರಲೇಬೇಕು. ಕತ್ತಲಿ ಆಗೂ ಹೊತ್ತಿಗೆ ನೇರಳಿ, ಕಡುಗೆಂಪು ಮೊದಲ ಮಾಯ ಆಗತಾವು. ಕೇಸರಿ, ರಾಣಿ ಬಣ್ಣ ಒಂದರ ಪಕ್ಕ ಒಂದು ಕೂಡಸಬ್ಯಾಡ್ರಿ, ನಡುವ ನಿಂಬಿ ಹಸರು ಇಲ್ಲಾ ತಿಳಿ ಹಳದಿ ಇರಲಿ. ನೀಲಿ ಜಿನಿಯಾ ಅನ್ನೂದು ಇಲ್ಲ. ಫೋನಿನ್ಯಾಗ ನೀಲಿ ಹೂವಿನ ಚಿತ್ರ ತೋರಿಸಿ ಬೀಜ ಮಾರೋರಿಗೆ ರೊಕ್ಕ ಕೊಡಬ್ಯಾಡ್ರಿ.

ಗಿಡಕ್ಕ ಮೂರ್ನಾಕು ಜೋಡಿ ಎಲಿ ಬಂದು ಗೇಣುದ್ದ ಆದಾಗ ಮೂರನೇ ಜೋಡಿ ಮ್ಯಾಲೆ ಕುಡಿ ಚೂಟ್ರಿ. ಒಂದು ವಾರ ಹೂ ತಡಾ ಆಗತೈತಿ ಅಂತ ಯಾರೂ ಚೂಟೂದಿಲ್ಲ. ಚೂಟಿದ ಗಿಡ ಪ್ರತಿ ಎಲಿ ಬುಡದಿಂದ ಕವಲು ಒಡದು ಗಾಳಿಗೆ ಬೀಳಲಾರದಂಗ ನಿಂದರತೈತಿ, ಹೂನೂ ಹೆಚ್ಚು.

ನೀರು ಮುಂಜಾನೆ, ತಂಬಗಿಯಿಂದ, ಬುಡಕ. ಬೆರಳು ಎರಡು ಗೆರಿ ಮಣ್ಣಾಗ ಹೊಗಸಿ ನೋಡ್ರಿ, ಹಸಿ ಇದ್ರ ಬ್ಯಾಡ. ‘ದಿನಾ ಒಂದ ಬಕೆಟ್’ ಅನ್ನೂ ಲೆಕ್ಕ ಗಿಡಕ್ಕ ಗೊತ್ತಿಲ್ಲ. ಬಾಹ್ಯಾಕಾಶ ನಿಲ್ದಾಣದಾಗ ಸುದ್ದಾ ಜಿನಿಯಾ ಬೆಳಸ್ಯಾರ. 2015ರ ಡಿಸೆಂಬರಿನ್ಯಾಗ ಅಲ್ಲಿ ಹಸಿ ಹೆಚ್ಚಾಗಿ ಎಲಿಗೆ ಬೂಸ್ಟು ಹತ್ತಿತ್ತು. ಸ್ಕಾಟ್ ಕೆಲ್ಲಿ ಅನ್ನೂ ಗಗನಯಾತ್ರಿ ವೇಳಾಪಟ್ಟಿ ಬಿಟ್ಟು ಗಿಡ ನೋಡಿ ನೀರು ಹಾಕಾಕ ಶುರು ಮಾಡಿದ ಮ್ಯಾಲೆ 2016ರ ಜನವರಿಯಾಗ ಹೂ ಬಿಟ್ಟಿತು. ಇಲ್ಲಿ ಬೂದಿ ರೋಗ ಬರೂದು ರಾತ್ರಿ ಥಂಡಿ ಶುರು ಆದಾಗ. ಮೊದಲ ಚುಕ್ಕಿ ಕಂಡ ಎಲಿ ಕಿತ್ತು ಹಾಕ್ರಿ. ಹಬ್ಬಿದ್ರ ವಿಜಯಪುರದ ದ್ರಾಕ್ಷಿ ತ್ವಾಟದವರು ಹೊಡೆಯೂ ನೀರಾಗ ಕರಗೂ ಗಂಧಕ, ಲೀಟರಿಗೆ 2 ಗ್ರಾಂ, ತಂಪು ಹೊತ್ತಿನ್ಯಾಗ. ಬಿಸಲಾಗ ಹೊಡದ್ರ ಎಲಿ ಸುಡತಾವು.

ಈಗ ನಾನು ಯಾರಿಗೂ ಬಿಡಲಾರದಂಗ ಹೇಳೂ ಮಾತು: ಬೇಕಾದ ಬಣ್ಣದ ಬೀಜ ಹಿಡಿಯೂದಿದ್ರ ಹೂವಿಗೆ ಚೀಲ ಕಟ್ಟಿ ಹಿಡೀರಿ. ಬಿಟ್ಟರ ಜೇನು, ಪಾತರಗಿತ್ತಿ ಕೆಂಪಿನ ಪರಾಗ ತಂದು ಬಿಳಿಗೆ ಹಚ್ಚತಾವು, ಮುಂದಿನ ವರ್ಷ ಹೊಲಸು ಗುಲಾಬಿ ಬರತೈತಿ. ‘ಎಫ್ 1’ ಅಂತ ಬರದ ಹೈಬ್ರಿಡ್ ಗಿಡದ ಬೀಜ ಹಿಡಿಯಾಕ ಹೋಗಬ್ಯಾಡ್ರಿ, ತಾಯಿ ಹಂಗ ಮಕ್ಕಳು ಬರೂದಿಲ್ಲ. ಸಾದಾ ಜಾತಿಯೊಳಗ ನಿಮಗ ಬೇಕಾದ ಬಣ್ಣದ, ಎಲಿ ಸ್ವಚ್ಛ ಇದ್ದ ಎರಡು ಗಿಡ ಆರಸ್ರಿ. ಒಂದ ಗಿಡ ಸಾಲಂಗಿಲ್ಲ. ತನ್ನ ಪರಾಗ ತನಗ ಬಿದ್ದ್ರ ಕಾಳು ಸರಿ ಕಟ್ಟೂದಿಲ್ಲ.

ಮಗ್ಗಿ ಬಣ್ಣ ತೋರಸೂ ಮೊದಲ ಹಳೆ ಧೋತರದ ತೆಳು ಅರಿವಿಯ ಚೀಲ ತೊಡಸ್ರಿ. ಅರಿವಿ ಗಂಜಿ ಹಾಕಿದ್ದು ಇರಬಾರದು, ಪ್ಲಾಸ್ಟಿಕ್ ಅಂತೂ ಬ್ಯಾಡೇ ಬ್ಯಾಡ, ಒಳಗ ಬೆವತು ಹೂ ಕೊಳಿತೈತಿ. ದೇಟಿಗೆ ಒಂದು ಸುತ್ತು ಹತ್ತಿ ಅರಳಿ ಸುತ್ತಿ, ಅದರ ಮ್ಯಾಲೆ ಚೀಲದ ಬಾಯಿ ದಾರದಿಂದ ಕಟ್ರಿ. ಅರಳಿ ಇರದಿದ್ರ ದಾರ ದೇಟು ಕೊರಿತೈತಿ, ಸಂದಿಯಾಗ ಇರವಿ ಹೊಗತಾವು. ಭಾರಕ್ಕ ಬಾಗಲಾರದಂಗ ತೊಗರಿ ಕಟಗಿ ಆಸರ ಕೊಡ್ರಿ.

ಹೂ ಅರಳಿದಾಗ ಎಸಳಿನ ಬುಡದಾಗ ಸೀಳಿದ ಸಣ್ಣ ಎಳಿ ಕಾಣತೈತಿ, ನಡುವ ಹಳದಿ ಚಿಕ್ಕಿ ಅರಳತಾವು. ಚಿಕ್ಕಿಯಾಗ ಪರಾಗ, ಎಳಿಗೆ ಅದು ತಾಗಬೇಕು. ಮಂಜು ಆರಿದ ಮ್ಯಾಲೆ, ಒಂಬತ್ತು-ಹತ್ತರ ಸುಮಾರು, ಕಡ್ಡಿಗೆ ಅರಳಿ ಸುತ್ತಿ ಈ ಗಿಡದ ಚಿಕ್ಕಿಗೆ ಸವರಿ ಆ ಗಿಡದ ಎಳಿಗೆ ಹಚ್ರಿ, ಅಲ್ಲಿಂದು ಇಲ್ಲಿಗೆ. ಹಚ್ಚಿದ ಕೂಡಲೆ ಚೀಲ ಮತ್ತ ಕಟ್ಟಬೇಕು. ಎಸಳು, ಚಿಕ್ಕಿ ಹೊರಗಿಂದ ಒಳಗ ಸಾಲಸಾಲಾಗಿ ಅರಳತಾವು, ಅದಕ್ಕ ದಿನಾ ಬಿಟ್ಟು ದಿನಾ ಹತ್ತು ದಿನ ಮಾಡ್ರಿ. ಒಂದೊಂದ ಬಣ್ಣಕ್ಕ ಬ್ಯಾರೆ ಕಡ್ಡಿ. ಎಸಳು ತುಂಬಿ ಚಿಕ್ಕಿನ ಇಲ್ಲದ ಹೂವಾಗ ಪರಾಗ ಇರೂದಿಲ್ಲ, ಅದಕ್ಕ ಅದೇ ಬಣ್ಣದ ಚಿಕ್ಕಿ ಇದ್ದ ಹೂವಿಂದು ತರಬೇಕು.

ಹೂ ಪೂರ್ತಿ ಕಂದಾಗಿ ಕೆಳಗಿನ ದೇಟು ಒಣಗಿದ ಮ್ಯಾಲೆ ಬಿಸಲಿದ್ದ ದಿನ ಕತ್ತರಸ್ರಿ. ಒಣಗಿದ ಎಸಳು ಜಗ್ಗಿದ್ರ ತುದಿಗೆ ಬಾಣದ ಮೊನಿಯಂತ ಕಾಳು ಬರತೈತಿ. ಉಗುರಿನಿಂದ ಒತ್ತಿ ನೋಡ್ರಿ. ಗಟ್ಟಿ ಇದ್ದದ್ದು ಬೀಜ, ಹಾಳಿ ಹಂಗ ಬಾಗಿದ್ದು ಹೊಟ್ಟು. ನೆರಳಾಗ ಒಂದು ವಾರ ಆರಲಿ. ಈಗಿನ ಸೊಸ್ತ್ಯಾರು ಶೇಂಗಾ ಹಿಂಡಿನೂ ಬಿಸಿ ಇದ್ದಾಗ ಡಬ್ಬಿಗೆ ತುಂಬಿ ಮುಚ್ಚಳ ಬಡಿತಾರ, ಒಳಗ ಬೆವತು ಎಂಟು ದಿನಕ್ಕ ಮುಗ್ಗು ವಾಸನಿ. ಆರಿಸಿ ತುಂಬಬೇಕು ಅನ್ನೂದು ಅಡಗಿ ಮನಿಯಾಗ ಕಲೀಲಿಲ್ಲಂದ್ರ ಬೀಜದಾಗ ಹೆಂಗ ಕಲೀತಾರ? ನಮ್ಮ ಅತ್ತಿಯವರ ಕಾಲಕ್ಕ ಹಳೆ ಪಂಚಾಂಗದ ಹಾಳ್ಯಾಗ ಕಟ್ಟಿ, ಬಣ್ಣ ಗುರುತಿಗೆ ಅದೇ ಬಣ್ಣದ ದಾರ ಸುತ್ತತಿದ್ರು. ನೀವು ಬಣ್ಣ, ವರ್ಷ ಎರಡೂ ಬರೀರಿ.

ನಮ್ಮ ಸೆಕಿಗೆ ಎರಡು ವರ್ಷದೊಳಗ ಬಳಸ್ರಿ. ಹಾಕೂ ಮುಂದ ಹತ್ತು ಕಾಳು ಒದ್ದಿ ಅರಿವಿಯಾಗ ಸುತ್ತಿ ಒಂದು ವಾರ ಇಡ್ರಿ. ಎಂಟು ಮೊಳತ್ರ ಕುಣಿಗೆ ಎರಡು ಕಾಳು, ಐದು ಮೊಳತ್ರ ಕುಣಿಗೆ ನಾಕು, ಅದಕ್ಕೂ ಕಡಿಮಿ ಆದ್ರ ಆ ಪೊಟ್ಟಣ ಮಡಿಗೆ ತರಬ್ಯಾಡ್ರಿ.