ಮಗು ಆಡುವಾಗ ನಾನು ಏನು ಮಾಡುತ್ತೇನೆ

ಮಕ್ಕಳಿಗೆ ಸೈಕೋಡೈನಮಿಕ್ ಥೆರಪಿ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಚಿಕ್ಕ ಮಗು ಮನಸ್ಸಲ್ಲಿರೋದನ್ನ ಹೇಗೆ ಹೇಳುತ್ತೆ?" ಹೇಳುವುದಿಲ್ಲ, ಆಡಿ ತೋರಿಸುತ್ತದೆ. ಆ ಆಟಕ್ಕೆ ಅಡ್ಡ ಬರದೆ, ಆದರೆ ಪೂರ್ತಿ ಗಮನ ಕೊಟ್ಟು ಪಕ್ಕದಲ್ಲಿ ಕೂರುವುದೇ ನನ್ನ ಕೆಲಸದ ಬಹುಪಾಲು.

ನಮಗೇ ಗೊತ್ತಿಲ್ಲದ ಭಾವನೆಗಳು ಒಳಗಿಂದ ನಮ್ಮನ್ನು ನಡೆಸುತ್ತವೆ, ಅವುಗಳ ಬೇರು ಬಾಲ್ಯದ ಸಂಬಂಧಗಳಲ್ಲಿದೆ ಅನ್ನುವುದು ಈ ವಿಧಾನದ ತಿರುಳು. ಸಿಗ್ಮಂಡ್ ಫ್ರಾಯ್ಡ್ ಇದನ್ನು ಕಟ್ಟಿದ್ದು ಹೆಚ್ಚಾಗಿ ದೊಡ್ಡವರ ಮಾತು ಕೇಳಿ. ಕುದುರೆಗೆ ಹೆದರುತ್ತಿದ್ದ ಪುಟ್ಟ ಹುಡುಗನ ಬಗ್ಗೆ ಅವರು 1909ರಲ್ಲಿ ಬರೆದರು, ನಿಜ. ಆದರೆ ಅಲ್ಲೂ ಹುಡುಗನ ಜೊತೆ ಕೂತು ಮಾತಾಡಿದ್ದು ಮುಖ್ಯವಾಗಿ ಅವನ ಅಪ್ಪ. ಮಕ್ಕಳನ್ನೇ ಎದುರಿಗೆ ಕೂರಿಸಿಕೊಂಡು ಕೆಲಸ ಮಾಡುವ ದಾರಿ ಗಟ್ಟಿಯಾಗಿದ್ದು ಆಮೇಲೆ, ಮೆಲನಿ ಕ್ಲೈನ್ ಮತ್ತು ಫ್ರಾಯ್ಡ್ ಮಗಳು ಆನಾ ಫ್ರಾಯ್ಡ್ ಅವರಿಂದ. ಕ್ಲೈನ್ ಪ್ರತಿ ಮಗುವಿನ ಆಟಿಕೆಗಳನ್ನು ಅದರದ್ದೇ ಬೇರೆ ಡ್ರಾಯರಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ನಾನೂ ಹಾಗೇ ಒಂದೊಂದು ಮಗುವಿಗೆ ಒಂದೊಂದು ಪೆಟ್ಟಿಗೆ ಇಡುತ್ತೇನೆ. ಪುಟ್ಟ ಪುಟ್ಟ ಮನುಷ್ಯರ ಗೊಂಬೆಗಳು, ಪ್ರಾಣಿಗಳು, ಜೇಡಿಮಣ್ಣು, ಕಾಗದ, ಕತ್ತರಿ, ಟೇಪ್. ಬ್ಯಾಟರಿ ಹಾಕಿದರೆ ತಾನೇ ಹಾಡುವ, ಓಡುವ ಆಟಿಕೆ ಬೇಡ. ಅದು ತನ್ನ ಕಥೆ ತಾನೇ ಹೇಳಿ ಮುಗಿಸಿಬಿಡುತ್ತದೆ.

ಅದೇ ಕೋಣೆ, ಅದೇ ದಿನ, ಅದೇ ಹೊತ್ತು. ಈ ಸ್ಥಿರತೆ ಸಣ್ಣ ವಿಷಯ ಅನ್ನಿಸಬಹುದು, ಆದರೆ ಇದಿಲ್ಲದೆ ಉಳಿದದ್ದೇನೂ ನಡೆಯುವುದಿಲ್ಲ. ಹೋದ ವಾರ ಮಣ್ಣಲ್ಲಿ ಮಾಡಿಟ್ಟ ಪ್ರಾಣಿ ಈ ವಾರವೂ ಅಲ್ಲೇ ಇದೆಯಾ ಅಂತ ಮಗು ಬಂದ ಕೂಡಲೇ ನೋಡುತ್ತದೆ. ಇದ್ದರೆ ಮಾತ್ರ ಮುಂದಿನ ಆಟ.

ಒಂದು ಉದಾಹರಣೆ ಹೇಳುತ್ತೇನೆ. ಯಾರೆಂದು ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆರು ವರ್ಷದ ಹುಡುಗ. ಮನೆಗೆ ತಮ್ಮ ಬಂದ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದ, ಶಾಲೆಯಲ್ಲಿ ಜೊತೆಯವರಿಗೆ ಹೊಡೆಯುತ್ತಿದ್ದ. ಇಂಥ ಕಡೆ ನಾನು ಮೊದಲು ಕೇಳುವುದು, ಡಾಕ್ಟರಿಗೆ ತೋರಿಸಿದ್ದೀರಾ ಅಂತ. ಮೂತ್ರದ ಸೋಂಕಿನಿಂದಲೂ ಸಕ್ಕರೆ ಕಾಯಿಲೆಯಿಂದಲೂ ಹಾಸಿಗೆ ಒದ್ದೆಯಾಗಬಹುದು. ಅದನ್ನು ನೋಡದೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಇವನಿಗೆ ಅಂಥದ್ದೇನೂ ಇರಲಿಲ್ಲ. ದಾಟಿ ಬಂದ ವಯಸ್ಸಿಗೇ ಮಗು ವಾಪಸ್ ಹೋಗುವ ಇದನ್ನು ರಿಗ್ರೆಷನ್ ಅನ್ನುತ್ತೇವೆ. ಕಷ್ಟದಿಂದ ಕಾಪಾಡಿಕೊಳ್ಳಲು ಮನಸ್ಸು ಹೂಡುವ ರಕ್ಷಣಾ ತಂತ್ರಗಳಲ್ಲಿ ಒಂದು. ಮಗು ಬೇಕೆಂದು ಮಾಡುವುದಲ್ಲ.

ಅವನು ಪಾಪು ಗೊಂಬೆಯನ್ನು ಒಂದು ರಟ್ಟಿನ ಡಬ್ಬಿಗೆ ಹಾಕಿದ. ಮುಚ್ಚಳ ಹಾಕಿ ಟೇಪ್ ಸುತ್ತಿದ. ಸುತ್ತಿದ, ಸುತ್ತಿದ, ಟೇಪ್ ಖಾಲಿಯಾಗುವ ತನಕ ಸುತ್ತಿದ. ಆಮೇಲೆ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತಾ ಕೂತ. ಕತ್ತರಿ ತಗೊಂಡು ಅದರ ತುದಿಯಿಂದ ಬಹಳ ಎಚ್ಚರಿಕೆಯಿಂದ ತೂತು ಮಾಡಿದ. "ಉಸಿರಾಡ್ಬೇಕಲ್ವಾ," ಅಂದ.

ಇಡ್, ಈಗೊ, ಸೂಪರ್‌ಈಗೊ ಅಂತ ಫ್ರಾಯ್ಡ್ 1923ರಲ್ಲಿ ಮನಸ್ಸನ್ನು ಮೂರಾಗಿ ವಿವರಿಸಿದ್ದನ್ನು ಪರೀಕ್ಷೆಗೆ ಓದಿ ಮರೆಯುವವರೇ ಜಾಸ್ತಿ. ಟೇಪ್ ಸುತ್ತಿದ ಕೈಯೇ ತೂತು ಕೊರೆಯುವುದನ್ನು ನೋಡಿ. ಈ ಪಾಪು ಇರಲೇಬಾರದು ಅನ್ನುವ ಆಸೆ ಇಡ್, ಹಾಗೆ ಆಸೆಪಟ್ಟಿದ್ದೇ ತಪ್ಪು ಅನ್ನುವ ಒಳಗಿನ ಗದರಿಕೆ ಸೂಪರ್‌ಈಗೊ, ಎರಡರ ನಡುವೆ ಒಂದು ರಾಜಿ ಮಾಡಿಸುವುದು ಈಗೊ. ಅದರ ಜೊತೆಗೆ ಪ್ರೀತಿಯೂ ಇತ್ತು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಈ ಮಗುವಿಗೆ ಅನ್ಯಾಯ.

ಇಂಥ ಹೊತ್ತಲ್ಲಿ "ನಿನಗೆ ತಮ್ಮನ ಮೇಲೆ ಸಿಟ್ಟು" ಅಂತ ಹೇಳಿಬಿಡುವ ಆತುರ ಯಾರಿಗಾದರೂ ಬರುತ್ತದೆ. ನಾನು ಹೇಳುವುದಿಲ್ಲ. ಮಗು ಗೊಂಬೆಯ ಮರೆಯಲ್ಲಿ ನಿಂತು ಮಾತಾಡುತ್ತಿದ್ದರೆ ನಾನೂ ಗೊಂಬೆಯ ಬಗ್ಗೆಯೇ ಮಾತಾಡುತ್ತೇನೆ. "ಪಾಪು ಹೊರಗೆ ಬರಲೂಬಾರದು, ಅದಕ್ಕೆ ಏನೂ ಆಗಲೂಬಾರದು. ಎರಡೂ ಬೇಕು ಅಂದ್ರೆ ಕಷ್ಟ ಅಲ್ವಾ," ಅಂದೆ. ಅವನು ನನ್ನ ಕಡೆ ನೋಡಲಿಲ್ಲ. "ಅದು ರಾತ್ರಿಯೆಲ್ಲಾ ಅಳುತ್ತೆ," ಅಂದ. ಆಮೇಲೆ, "ಇನ್ನೊಂದು ಟೇಪ್ ಇದ್ಯಾ?"

ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ತಿಳಿಯುವುದು ಹೀಗೇ. ಮಗು "ಹೌದು" ಅಂದರೆ ಅದಕ್ಕೆ ಅಷ್ಟು ಬೆಲೆ ಇಲ್ಲ. ಮಕ್ಕಳು ದೊಡ್ಡವರನ್ನು ಖುಷಿಪಡಿಸಲು ಹೌದು ಅನ್ನುತ್ತಾರೆ. ಆಟ ಮುಂದಕ್ಕೆ ಹೋಯಿತಾ, ಹೊಸದೇನಾದರೂ ಬಂತಾ, ನಿಂತೇ ಹೋಯಿತಾ? ಅದನ್ನು ನೋಡುತ್ತೇನೆ.

ಮುಂದೆ ಎಷ್ಟೋ ವಾರ ಅದೇ ಡಬ್ಬಿ, ಅದೇ ಆಟ. ಅಪ್ಪ ಅಮ್ಮನಿಗೆ ಇದು ಸುಮ್ನೆ ಹೊತ್ತು ಕಳೆದ ಹಾಗೆ ಕಾಣಬಹುದು. ಒಂದೂವರೆ ವರ್ಷದ ತಮ್ಮ ಮೊಮ್ಮಗನ ಆಟವೊಂದನ್ನು ಫ್ರಾಯ್ಡ್ 1920ರಲ್ಲಿ ವಿವರಿಸಿದ್ದಾರೆ. ದಾರ ಕಟ್ಟಿದ ಮರದ ಉರುಳೆಯನ್ನು ಆ ಮಗು ಮಂಚದಾಚೆ ಕಣ್ಣಿಗೆ ಕಾಣದ ಹಾಗೆ ಎಸೆಯುತ್ತಿತ್ತು, ಮತ್ತೆ ಎಳೆದುಕೊಂಡು ಖುಷಿಪಡುತ್ತಿತ್ತು. ಅಮ್ಮ ಹೊರಗೆ ಹೋದಾಗ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ. ಆಟದಲ್ಲಿ ಕಳಿಸುವುದೂ ಕರೆಸುವುದೂ ಅದರ ಕೈಯಲ್ಲೇ. ನೋವು ಕೊಟ್ಟದ್ದನ್ನೇ ಮಕ್ಕಳು ಮತ್ತೆ ಮತ್ತೆ ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ನನ್ನ ಹುಡುಗನ ಆಟವೂ ಮೆಲ್ಲಗೆ ಬದಲಾಯಿತು. ತೂತು ಕಿಟಕಿಯಾಯಿತು. ಕಿಟಕಿಯಿಂದ ಪಾಪುವಿಗೆ ಊಟ ಹೋಗತೊಡಗಿತು. ಹಾಸಿಗೆ ಒಣಗಿದ್ದು ಅದಕ್ಕೂ ಆಮೇಲೆ.

ಈ ಪರಂಪರೆಯಲ್ಲಿ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಬಾಯಿಯ ಹಂತ, ಗುದದ ಹಂತ ಅಂತ ಮಗುವಿನ ಬೆಳವಣಿಗೆಗೆ ವಯಸ್ಸಿಗೆ ತಕ್ಕ ಮೆಟ್ಟಿಲು ಹಾಕಿ, ಇಲ್ಲಿ ಸಿಕ್ಕಿಹಾಕಿಕೊಂಡರೆ ಇಂಥ ಸ್ವಭಾವ ಬರುತ್ತದೆ ಅನ್ನುವ ಮಾತಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಅಮ್ಮಂದಿರ ಒಣ ನಡವಳಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಅಂತ 1950, 60ರ ದಶಕಗಳಲ್ಲಿ ಬ್ರೂನೋ ಬೆಟ್ಟಲ್‌ಹೈಮ್ ಅಂಥವರು ಹೇಳಿದ್ದಂತೂ ಪೂರ್ತಿ ಸುಳ್ಳು. ಅದರಿಂದ ಎಷ್ಟು ಮನೆಗಳು ನೊಂದವೋ. ಇದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಆದ್ದರಿಂದ ಅಪ್ಪ ಅಮ್ಮನ ಜೊತೆ ಮೊದಲ ಸಲ ಕೂತಾಗಲೇ, ನಾವಿಲ್ಲಿ ತಪ್ಪು ಯಾರದ್ದು ಅಂತ ಹುಡುಕುತ್ತಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ಮಕ್ಕಳ ವೈದ್ಯರೂ ಆಗಿದ್ದ ಡೊನಾಲ್ಡ್ ವಿನಿಕಾಟ್, ಸಾಕಷ್ಟು ಒಳ್ಳೆಯ ತಾಯಿ ಇದ್ದರೆ ಸಾಕು, ಕುಂದೇ ಇಲ್ಲದ ತಾಯಿ ಬೇಕಿಲ್ಲ ಅಂದರು. ಅದನ್ನು ಹೇಳಿದಾಗ ಎಷ್ಟೋ ಅಮ್ಮಂದಿರು ಅತ್ತುಬಿಟ್ಟಿದ್ದಾರೆ.

ಅವರಿಂದ ನಾನು ಕೇಳಿಕೊಳ್ಳುವುದು ಎರಡೇ. ಸೆಷನ್ ಮುಗಿಸಿ ಬಂದ ಮಗುವನ್ನು "ಒಳಗೆ ಏನ್ ಮಾಡ್ದೆ, ಏನ್ ಹೇಳ್ದೆ" ಅಂತ ಕೇಳಬೇಡಿ. ಇನ್ನೊಂದು, ಸ್ವಲ್ಪ ಸುಧಾರಿಸಿದ ಕೂಡಲೇ ಬರುವುದನ್ನು ನಿಲ್ಲಿಸಬೇಡಿ. ನಿಲ್ಲಿಸುವ ದಿನ ಯಾವುದು ಅಂತ ಮಗುವಿಗೆ ವಾರಗಳ ಮುಂಚೆಯೇ ತಿಳಿದಿರಬೇಕು. ಹೇಳದೆ ಕೇಳದೆ ಯಾರೋ ಮಾಯವಾದ ನೋವು ಹೊತ್ತು ಬಂದ ಮಕ್ಕಳೇ ನನ್ನ ಹತ್ತಿರ ಜಾಸ್ತಿ, ಅದರಲ್ಲಿ ನಾನೂ ಒಬ್ಬಳಾಗಬಾರದು.