ಮಕ್ಕಳೊಂದಿಗೆ ದಿನಸಿ ಖರೀದಿ: ಸೈನಿಕ ತಂದೆಯೊಬ್ಬನ ಅನುಭವ

ಏಳು ತಿಂಗಳು ಗಡಿಯಲ್ಲಿದ್ದು ಮರಳಿ ಬಂದ ಮೇಲೆ ವಾರದ ದಿನಸಿ ತರುವ ಹೊಣೆಯನ್ನು ನಾನೇ ಕೇಳಿ ಪಡೆದುಕೊಂಡೆ. ಅಷ್ಟು ದಿನ ಒಂಟಿಯಾಗಿ ಮನೆ ನಡೆಸಿದ ಹೆಂಡತಿಗೆ ತುಸು ಬಿಡುವು ಸಿಗಲಿ, ಐದು ವರ್ಷದ ಮಗಳಿಗೂ ಎರಡೂವರೆ ವರ್ಷದ ಮಗನಿಗೂ ನನ್ನ ಒಡನಾಟ ಸಿಗಲಿ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಒಂದು ಸಂಜೆ ಕರ್ತವ್ಯ ಮುಗಿದೊಡನೆ, ಸಮವಸ್ತ್ರವನ್ನೂ ಬದಲಿಸದೆ, ಇಬ್ಬರನ್ನೂ ಕರೆದುಕೊಂಡು ಸೇನಾ ಕ್ಯಾಂಟೀನಿಗೆ ಹೋದೆ.

ಅಲ್ಲಿದ್ದ ಅರ್ಧದಷ್ಟು ಜನ ನನ್ನಂತೆಯೇ ಉಡುಪು ತೊಟ್ಟಿದ್ದರು. ನಾನು ಸೋಪಿನ ಸಾಲಿನಲ್ಲಿ ಬಗ್ಗಿ ಏನನ್ನೋ ಹುಡುಕುತ್ತಿದ್ದಾಗ ಮಗ ಬೇರೆ ಯಾರದೋ ಕಾಲನ್ನು ತಬ್ಬಿಕೊಂಡು, ತಲೆಯೆತ್ತಿ ನೋಡಿ, ಗುರುತಿಲ್ಲದ ಮುಖ ಕಂಡು ಕಿರುಚಿದ. ಅವನನ್ನು ಎತ್ತಿಕೊಂಡು ಸಮಾಧಾನಪಡಿಸುವಷ್ಟರಲ್ಲಿ ಮಗಳು ಕಾಣೆಯಾಗಿದ್ದಳು. ಎರಡು ಸಾಲು ಆಚೆ ಸಿಕ್ಕ ಅವಳನ್ನು ಅಲ್ಲಿನ ಸಿಬ್ಬಂದಿಯೊಬ್ಬರು ಅಪ್ಪನ ಹೆಸರೇನೆಂದು ಕೇಳಿದ್ದರಂತೆ; ಇವಳು "ಸಾರ್" ಎಂದಿದ್ದಳು. ಮನೆಗೆ ಬರುವ ಸೈನಿಕರೆಲ್ಲ ನನ್ನನ್ನು ಕರೆಯುವುದೇ ಹಾಗೆ, ಅವಳ ತಪ್ಪೇನಿರಲಿಲ್ಲ.

ಅಂದಿನಿಂದ ಖರೀದಿಗೆ ಹೋಗುವ ಮುನ್ನ ಸಮವಸ್ತ್ರ ಕಳಚಿ, ದೂರದಿಂದಲೂ ಎದ್ದು ಕಾಣುವ ಹಳದಿ ಅಂಗಿ ತೊಡುತ್ತೇನೆ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಸಮವಸ್ತ್ರದಲ್ಲಿ ಚೀಲ ಹಿಡಿದು ಬಾಗಿಲ ಬಳಿ ನಿಂತರೆ ಅಪ್ಪ ಮತ್ತೆ ಹೊರಟನೆಂದೇ ಮಗ ತಿಳಿದು, ಅಂಗಡಿಗೆ ಹೊರಡುವ ಮೊದಲೇ ಅಳು ಆರಂಭಿಸುತ್ತಿದ್ದ. ಹಳದಿ ಅಂಗಿ ಬಂದ ಮೇಲೆ ಆ ಅಳು ನಿಂತಿತು. ಮಗಳಿಗೆ ನನ್ನ ಪೂರ್ತಿ ಹೆಸರನ್ನೂ ಅಮ್ಮನ ಫೋನ್ ಸಂಖ್ಯೆಯನ್ನೂ ಬಾಯಿಪಾಠ ಮಾಡಿಸಿದೆ. ನಾನು ಕಾಣದಿದ್ದರೆ ಹುಡುಕಿಕೊಂಡು ಅಲೆಯದೆ ನಿಂತಲ್ಲೇ ನಿಂತು ನನ್ನ ಹೆಸರು ಹಿಡಿದು ಕೂಗಬೇಕೆಂದು ಹೇಳಿಕೊಟ್ಟೆ. ಹತ್ತಾರು ಅಪ್ಪಂದಿರು ಇರುವ ಜಾಗದಲ್ಲಿ "ಅಪ್ಪಾ" ಎಂದು ಕೂಗಿದರೆ ಎಲ್ಲರೂ ತಿರುಗುತ್ತಾರೆ, ಹೆಸರು ಕೂಗಿದರೆ ಒಬ್ಬನೇ ತಿರುಗುತ್ತಾನೆ.

ಮಕ್ಕಳನ್ನು ಸುಮ್ಮನಿರಿಸಲು ಮೊದಲು ನಾನು ಹಿಡಿದ ಸುಲಭದ ದಾರಿ ಮೊಬೈಲ್. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವ ಸಮಯ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ನನಗೆ ಗೊತ್ತಿತ್ತು. ಹತ್ತು ನಿಮಿಷಕ್ಕೇನು ಎಂದುಕೊಂಡಿದ್ದೆ. ಆದರೆ ನನ್ನ ಮಗನ ಪಾಲಿಗೆ ಮೊಬೈಲ್ ಎಂದರೆ ಏಳು ತಿಂಗಳು ಅಪ್ಪ ವಾಸವಾಗಿದ್ದ ಪೆಟ್ಟಿಗೆ. ಟ್ರಾಲಿಯಲ್ಲಿ ಕೂತು ಅದನ್ನು ಕೈಗೆ ತೆಗೆದುಕೊಂಡವನೇ, ಎದುರಿಗೇ ನಾನು ನಿಂತಿದ್ದರೂ, ಪರದೆಯನ್ನು ತಟ್ಟಿ "ಅಪ್ಪ ಎಲ್ಲಿ?" ಎಂದು ಕೇಳಿದ. ಮತ್ತೆ ಆ ಉಪಾಯಕ್ಕೆ ಕೈ ಹಾಕಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಹೆಂಡತಿಯ ಪದ್ಧತಿಯನ್ನೇ ಅನುಸರಿಸಿದೆ. ನಾನಿಲ್ಲದಾಗ ಅವಳು ಮಕ್ಕಳಿಗೆ ಆಟಿಕೆ ಕೊಡುತ್ತಿರಲಿಲ್ಲ, ಕೆಲಸ ಕೊಡುತ್ತಿದ್ದಳು. ಹೊರಡುವ ಹಿಂದಿನ ದಿನ ಮಗಳು ತರಬೇಕಾದ ಆರೇಳು ವಸ್ತುಗಳ ಚಿತ್ರ ಬರೆಯುತ್ತಾಳೆ. ಅಂಗಡಿಯಲ್ಲಿ ಒಂದೊಂದು ಸಿಕ್ಕಂತೆ ಅದರ ಮೇಲೆ ಗೀಟು ಹಾಕುತ್ತಾಳೆ. ಪೊಟ್ಟಣದ ಮೇಲಿನ ದಿನಾಂಕ ಹುಡುಕುವುದೂ ಅವಳದೇ ಕೆಲಸ, ಓದುವುದು ನನ್ನದು. ಮಗ ಟೊಮೆಟೊಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕುತ್ತಾನೆ. ಅವನ ಎಣಿಕೆಯಲ್ಲಿ ಎರಡಾದ ಮೇಲೆ ಐದು ಬರುತ್ತದೆ, ತೂಕದ ಯಂತ್ರ ಅದನ್ನು ಸರಿಪಡಿಸುತ್ತದೆ. "ಏನು ಬೇಕು?" ಎಂದು ಅವನನ್ನು ಕೇಳಿದರೆ ಕೆಟ್ಟೆವು, "ಇದೋ, ಅದೋ?" ಎಂದು ಎರಡನ್ನು ಮುಂದೆ ಹಿಡಿದರೆ ಒಂದನ್ನು ಆರಿಸಿ ಗಂಭೀರವಾಗಿ ಟ್ರಾಲಿಗೆ ಹಾಕುತ್ತಾನೆ.

ಟ್ರಾಲಿಯ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಮಗ ಅದರ ಆಸನದಲ್ಲಿ ಪಟ್ಟಿ ಬಿಗಿದುಕೊಂಡೇ ಕೂರಬೇಕು, ಮಗಳು ಅದರ ಬದಿಗೆ ಜೋತು ಬೀಳಕೂಡದು. ಟ್ರಾಲಿ ಮಗುಚುವುದೂ ಮಗು ಅದರಿಂದ ಉರುಳುವುದೂ ಒಂದು ಕ್ಷಣದ ಮಾತು, ಬಿದ್ದಾಗ ಪೆಟ್ಟಾಗುವುದು ಹೆಚ್ಚಾಗಿ ತಲೆಗೇ. ಹೊಟ್ಟೆ ತುಂಬಿಸಿಯೇ ಹೊರಡುತ್ತೇವೆ. ಹಾಗಿದ್ದರೂ ಸಣ್ಣ ಡಬ್ಬಿಯಲ್ಲಿ ತಿನಿಸು ಇರುತ್ತದೆ. ಇಡೀ ದ್ರಾಕ್ಷಿಯಾಗಲಿ ಗಟ್ಟಿ ಬೀಜಗಳಾಗಲಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಅವು ಆ ಡಬ್ಬಿಗೆ ಸೇರುವುದಿಲ್ಲ.

ವರ್ಗಾವಣೆಯಾಗಿ ಹೊಸ ಊರಿಗೆ ಹೋದಾಗ ಮೊದಲ ಸಲ ಮಕ್ಕಳನ್ನು ಬಿಟ್ಟು ನಾನೊಬ್ಬನೇ ಅಂಗಡಿಗೆ ಹೋಗಿಬರುತ್ತೇನೆ. ಯಾವ ಸಾಲಿನಲ್ಲಿ ಏನಿದೆ, ಶೌಚಾಲಯ ಎಲ್ಲಿದೆ, ಸಿಹಿ ತಿನಿಸಿನ ಕಪಾಟನ್ನು ತಪ್ಪಿಸಿ ಬಿಲ್ಲಿಂಗ್ ಕೌಂಟರಿಗೆ ತಲುಪಲು ದಾರಿಯಿದೆಯೇ ಎಂದು ನೋಡಿಟ್ಟುಕೊಂಡು, ಪಟ್ಟಿಯನ್ನು ಅದೇ ಕ್ರಮದಲ್ಲಿ, ಶೀತಲ ಪದಾರ್ಥಗಳು ಕೊನೆಗೆ ಬರುವಂತೆ ಬರೆಯುತ್ತೇನೆ. ಗೆಳೆಯರು ಇದನ್ನು ಕಂಡು ನಗುವುದುಂಟು, ನಗಲಿ. ಸಂಬಳ ಕೈಗೆ ಬಂದ ವಾರದಲ್ಲಂತೂ ಮಕ್ಕಳೊಂದಿಗೆ ಆ ಕಡೆ ತಲೆಹಾಕುವುದಿಲ್ಲ.

ಸರದಿಯಲ್ಲಿ ನಿಂತಾಗ ಬೇರೊಂದು ತೊಂದರೆ ಎದುರಾಯಿತು. ಬೇಸರ ಕಳೆಯಲು ಮಗಳು ಹಿಂದೆ ನಿಂತವರೊಂದಿಗೆಲ್ಲ ಮಾತಿಗಿಳಿಯುತ್ತಾಳೆ. ಒಮ್ಮೆ "ನಮ್ಮಪ್ಪ ಬರುವ ಸೋಮವಾರ ಹೋಗ್ತಾರೆ, ಎಷ್ಟೋ ದಿನ ಬರೋದಿಲ್ಲ" ಎಂದು ಸಾರಿಬಿಟ್ಟಳು. ಸೈನಿಕರು ಹೊರಡುವ ದಿನಾಂಕವನ್ನು ಹೊರಗಿನವರಿಗೆ ಹೇಳುವಂತಿಲ್ಲ. ಅದಲ್ಲದೆ, ಇಂಥ ಮನೆಯಲ್ಲಿ ಗಂಡಸು ಇರುವುದಿಲ್ಲ ಎಂಬುದೂ ಊರಿಗೆಲ್ಲ ತಿಳಿಯಬೇಕಾಗಿಲ್ಲ. ಗದರಿದ್ದರೆ ಅದು ಅವಳ ಮನಸ್ಸಿನಲ್ಲಿ ಭಯವಾಗಿ ಕೂರುತ್ತಿತ್ತು. ಆದ್ದರಿಂದ ಅಪ್ಪನ ಹೋಗುಬರುವಿಕೆ ಮನೆಯೊಳಗಿನ ಮಾತು, ಬೆಕ್ಕಿನ ಮರಿಯ ಸುದ್ದಿ ಯಾರಿಗೆ ಬೇಕಾದರೂ ಹೇಳಬಹುದಾದ ಮಾತು ಎಂದು ಎರಡು ಬಗೆ ಮಾಡಿಕೊಟ್ಟೆ. ಈಗ ಸರದಿಯಲ್ಲಿ ನಿಂತವರೆಲ್ಲ ಬೆಕ್ಕಿನ ಮರಿಯ ಸುದ್ದಿ ಕೇಳುತ್ತಾರೆ.

ನನ್ನ ದೊಡ್ಡ ತಪ್ಪೊಂದನ್ನು ಹೇಳದೆ ಬಿಡಲಾರೆ. ಮರಳಿ ಬಂದ ಹೊಸತರಲ್ಲಿ, ದೂರವಿದ್ದ ದಿನಗಳನ್ನು ತುಂಬಿಕೊಡುವವನಂತೆ, ಮಕ್ಕಳು ಬೆರಳು ತೋರಿಸಿದ್ದನ್ನೆಲ್ಲ ಕೊಡಿಸಿದೆ. ಮುಂದಿನ ಸಲ ನಾನು ಕರ್ತವ್ಯಕ್ಕೆ ಹೊರಟ ಮೇಲೆ ಅದೇ ಕಪಾಟಿನ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಮಗನನ್ನು ಸಂಭಾಳಿಸಬೇಕಾದವಳು ಹೆಂಡತಿ. "ನೀವು ಕೊಡಿಸಿ ಹೋಗ್ತೀರಿ, ಇಲ್ಲ ಅನ್ನೋಳು ನಾನಾಗ್ತೀನಿ" ಎಂದು ಅವಳು ಫೋನಿನಲ್ಲಿ ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ನಿಯಮ ಇಬ್ಬರದೂ ಒಂದೇ: ಒಂದು ಸಲಕ್ಕೆ ಒಬ್ಬರಿಗೆ ಒಂದು ವಸ್ತು, ಅದೂ ಮನೆಯಲ್ಲೇ ನಿರ್ಧಾರವಾಗಿ ಪಟ್ಟಿಯಲ್ಲಿ ಚಿತ್ರವಾಗಿರಬೇಕು.

ಇಷ್ಟೆಲ್ಲ ಮಾಡಿದರೂ ಕೊನೆಯ ಹತ್ತು ನಿಮಿಷ ಕೈಕೊಡುವುದುಂಟು. ಕಳೆದ ತಿಂಗಳು ತುಂಬಿದ ಟ್ರಾಲಿಯನ್ನು ಸಿಬ್ಬಂದಿಗೆ ಒಪ್ಪಿಸಿ, ಕಾಲು ಗಂಟೆಯಲ್ಲಿ ಬರುತ್ತೇನೆಂದು ಹೇಳಿ, ಇಬ್ಬರನ್ನೂ ಹೊರಗೆ ಮರದ ನೆರಳಿಗೆ ಕರೆದೊಯ್ದೆ. ಮರಳಿ ಬಂದಾಗ ಟ್ರಾಲಿ ಅಲ್ಲೇ ಇತ್ತು, ಮಗ ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದ, ಬ್ರೆಡ್ಡಿನ ಚಿತ್ರದ ಮೇಲೆ ಇನ್ನೂ ಗೀಟು ಬಿದ್ದಿಲ್ಲವೆಂದು ಮಗಳು ನೆನಪಿಸಿದಳು.